ನಿವೃತ್ತಿ ವೀಸಾದಿಂದ ಉದ್ಯೋಗ ವೀಸಾಕ್ಕೆ: ಕಲಬುರಗಿಯಿಂದಲೇ ಅರ್ಜಿ ಹಾಕುವುದೋ, ಬ್ಯಾಂಕಾಕ್‌ಗೆ ಮರಳಿದ ಮೇಲೋ?

ಪ್ರಶ್ನೆ: ತೊಗರಿ ನಾಡಿನವ, ಕಲಬುರಗಿ

ಎಲ್ಲರಿಗೂ ಶರಣು. ನಾನು ರಾಜ್ಯ ಕೃಷಿ ಇಲಾಖೆಯಲ್ಲಿ ಸಹಾಯಕ ನಿರ್ದೇಶಕನಾಗಿದ್ದು ನಿವೃತ್ತನಾದವನು, ವಯಸ್ಸು 62. ಮಗ ಬ್ಯಾಂಕಾಕ್‌ನಲ್ಲಿ ಎಂಜಿನಿಯರ್ ಆಗಿರುವುದರಿಂದ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ನೆಲೆಸಿದ್ದೇವೆ. ನನ್ನದು ನಾನ್-ಇಮಿಗ್ರೆಂಟ್ 'ಒ' ವೀಸಾ. ಅದರ ಮೇಲೆ ನಿವೃತ್ತಿಯ ಆಧಾರದಲ್ಲಿ ವರ್ಷಕ್ಕೊಮ್ಮೆ ವಾಸದ ಅವಧಿಯನ್ನು ವಿಸ್ತರಿಸಿಕೊಳ್ಳುತ್ತ ಬಂದಿದ್ದೇನೆ. ಅದಕ್ಕಾಗಿ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಇಟ್ಟಿದ್ದೇನೆ. ಮನೆಯವರು ನನ್ನ ಅವಲಂಬಿತರೆಂದು ಅದೇ ವಿಸ್ತರಣೆಯ ಅಡಿಯಲ್ಲಿದ್ದಾರೆ. ಈಗಿನ ಅವಧಿ ಬರುವ ಆಗಸ್ಟ್‌ವರೆಗೆ ಇದೆ. ಶರಣಬಸವೇಶ್ವರ ಜಾತ್ರೆಗೂ, ಜೇವರ್ಗಿ ಕಡೆಯ ಹೊಲದ ಪಾಲಿನ ಲೆಕ್ಕ ಮುಗಿಸುವುದಕ್ಕೂ ಊರಿಗೆ ಬಂದಿದ್ದು, ಹೊರಡುವಾಗ ರೀ-ಎಂಟ್ರಿ ಪರ್ಮಿಟ್ (ದೇಶ ಬಿಟ್ಟು ಹೋದರೂ ವಾಸದ ಅವಧಿ ರದ್ದಾಗದಂತೆ ಕೊಡುವ ಮರುಪ್ರವೇಶದ ಅನುಮತಿ) ಮಾಡಿಸಿಕೊಂಡೇ ಬಂದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮ್ಯಾನ್ಮಾರ್‌ನಿಂದ ತೊಗರಿ ಮತ್ತು ಉದ್ದನ್ನು ಕೊಂಡು ಭಾರತಕ್ಕೂ ಬೇರೆ ದೇಶಗಳಿಗೂ ಕಳಿಸುವ ಬ್ಯಾಂಕಾಕ್‌ನ ಒಂದು ಕಂಪನಿಯವರು, ಕಾಳಿನ ತೇವಾಂಶ, ಹುಳುಕು, ಬೆರಕೆ, ಬೇಳೆಯ ಇಳುವರಿ ಇವುಗಳನ್ನು ನೋಡಿ ಹೇಳಬಲ್ಲ ಅನುಭವಿಯೊಬ್ಬರು ಬೇಕೆಂದು ಕೇಳಿದ್ದಾರೆ. ಸೇವೆಯ ಬಹುಪಾಲನ್ನು ತೊಗರಿ ಹೊಲಗಳಲ್ಲೇ ಕಳೆದವನು ನಾನು. ಟಿಎಸ್-3ಆರ್ ತಳಿ ಈ ಭಾಗದ ರೈತರ ಕೈಗೆ ಬಂದಾಗಲೂ, 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗಲೂ ಇದೇ ಬೆಳೆಯ ಸುತ್ತ ಓಡಾಡುತ್ತಿದ್ದೆ. ಆದ್ದರಿಂದ ಕೆಲಸ ನನಗೆ ಒಗ್ಗುವಂಥದ್ದು. ವಾರಕ್ಕೆ ಮೂರು ದಿನ ಗೋದಾಮಿಗೆ ಬರಬೇಕು, ತಿಂಗಳಿಗೆ 30,000 ಬಹ್ತ್ ಕೊಡುತ್ತೇವೆ ಎನ್ನುತ್ತಾರೆ. ಹಣದ ಅಗತ್ಯಕ್ಕಿಂತ, ಮಗನ ಫ್ಲ್ಯಾಟಿನ ಹದಿನಾಲ್ಕನೆಯ ಮಹಡಿಯಲ್ಲಿ ಹಗಲು ಸಾಗಿಸುವುದು ಕಷ್ಟವಾಗಿದೆ ಎಂಬುದೇ ನಿಜವಾದ ಕಾರಣ.

ನಿವೃತ್ತಿಯ ವಿಸ್ತರಣೆಯಲ್ಲಿರುವವರು ಕೆಲಸ ಮಾಡುವಂತಿಲ್ಲ ಎಂಬುದು ನನಗೆ ಗೊತ್ತಿದೆ. ಕಾನೂನು ಮೀರಿ ಒಂದು ದಿನವೂ ಕೆಲಸ ಮಾಡುವ ಮನಸ್ಸಿಲ್ಲ. ಆದರೆ ದಾರಿ ಯಾವುದೆಂಬುದರಲ್ಲಿ ಗೊಂದಲವಿದೆ. ಕಂಪನಿಯ ಏಜೆಂಟರು, 'ನೀವು ಹಳೆಯ ಪರ್ಮಿಟ್‌ನಲ್ಲೇ ಬನ್ನಿ, ಇಲ್ಲಿ ಬಂದ ಮೇಲೆ ಬದಲಿಸೋಣ' ಎನ್ನುತ್ತಾರೆ. ಮಗ, 'ಅಪ್ಪಾ, ಊರಿನಲ್ಲಿ ಇದ್ದಾಗಲೇ ಹೊಸ ವೀಸಾ ತೆಗೆದುಕೊಂಡು ಬಾ' ಎನ್ನುತ್ತಾನೆ. ಹಾಗೆ ಮಾಡಿದರೆ ಈಗಿರುವ ನಿವೃತ್ತಿಯ ಅವಕಾಶ ಕೈಬಿಟ್ಟು, ಕೆಲಸವೂ ಕೂಡಿಬರದೆ ಎರಡೂ ಕಡೆ ಕಳೆದುಕೊಳ್ಳುವೆನೋ ಎಂಬ ಅಂಜಿಕೆ ನನ್ನದು. ಮನೆಯವರ ವಾಸದ ಅವಧಿ ಏನಾಗುತ್ತದೆ, ನನ್ನ ಪಿಂಚಣಿಗೆ ಏನಾದರೂ ತೊಡಕಾಗುತ್ತದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಉತ್ತರ: ಬೀದರ್ ಮೂಲದವ, ಬ್ಯಾಂಕಾಕ್

ಸರ್, ನಮಸ್ಕಾರ. ನಾನು ಬೀದರಿನವನು, ಇಲ್ಲಿ ಒಂದು ಖಾಸಗಿ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ವಿದೇಶಿ ನೌಕರರ ಕಾಗದಪತ್ರಗಳನ್ನು ಸಿದ್ಧಪಡಿಸುವುದು ನನ್ನ ದಿನದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಲ್ಲಿ ಎರಡು ಕಚೇರಿಗಳ ಎರಡು ಅನುಮತಿಗಳು ಬೇಕು. ದೇಶದಲ್ಲಿ ಇರುವುದಕ್ಕೆ ಇಮಿಗ್ರೇಷನ್ ಇಲಾಖೆಯ ಅನುಮತಿ, ದುಡಿಯುವುದಕ್ಕೆ ಕಾರ್ಮಿಕ ಸಚಿವಾಲಯದ ಉದ್ಯೋಗ ಇಲಾಖೆ ಕೊಡುವ ವರ್ಕ್ ಪರ್ಮಿಟ್. ಎರಡನೆಯದು ಮೊದಲನೆಯದರ ಮೇಲೆ ನಿಂತಿರುತ್ತದೆ. ನಿವೃತ್ತಿಯ ಆಧಾರದ ವಿಸ್ತರಣೆಯ ಷರತ್ತೇ ಕೆಲಸ ಮಾಡಬಾರದು ಎಂಬುದಾಗಿರುವುದರಿಂದ, ಅದು ಜಾರಿಯಲ್ಲಿರುವಾಗ ಅದರ ಮೇಲೆ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಮೊದಲು ನಿವೃತ್ತಿಯ ನೆಲೆಯಿಂದ ಹೊರಬಂದು ಉದ್ಯೋಗಕ್ಕಾಗಿ ಬರುವವರ ನಾನ್-ಇಮಿಗ್ರೆಂಟ್ 'ಬಿ' ವರ್ಗಕ್ಕೆ ಸೇರಬೇಕು. ಅದು 90 ದಿನಗಳ ವೀಸಾ. ಆ ಅವಧಿಯೊಳಗೆ ವರ್ಕ್ ಪರ್ಮಿಟ್ ಪಡೆದು, ಆಮೇಲೆ ಉದ್ಯೋಗದ ಆಧಾರದಲ್ಲಿ ಒಂದು ವರ್ಷದ ವಿಸ್ತರಣೆಗೆ ಇಮಿಗ್ರೇಷನ್‌ಗೆ ಹೋಗಬೇಕು.

ನಿಮ್ಮ ಅಂಜಿಕೆಗೆ ಆಧಾರವಿದೆ. ಆದರೆ ಅದಕ್ಕೆ ಉತ್ತರ ಇರುವುದು ನಿಮ್ಮ ಕಾಗದಗಳಲ್ಲಿ ಅಲ್ಲ, ಕಂಪನಿಯ ಕಾಗದಗಳಲ್ಲಿ. ಹಳೆಯ ಅನುಮತಿಯನ್ನು ಬಿಡುವ ಮುನ್ನ ಕಂಪನಿಗೆ ಈ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ. ಸಂದಾಯವಾದ ಬಂಡವಾಳ ಎಷ್ಟು? ಸಾಮಾನ್ಯ ಕಂಪನಿಯೊಂದಕ್ಕೆ ಪ್ರತಿ ವಿದೇಶಿ ನೌಕರನಿಗೆ 20 ಲಕ್ಷ ಬಹ್ತ್ ಇರಬೇಕು. ಥಾಯ್ ನೌಕರರು ಎಷ್ಟು ಮಂದಿ? ಒಬ್ಬ ವಿದೇಶಿಗೆ ನಾಲ್ವರು ಥಾಯ್ ನೌಕರರು ಬೇಕು. ಕಂಪನಿಯಲ್ಲಿ ಈಗಾಗಲೇ ಬೇರೆ ಭಾರತೀಯರು ವರ್ಕ್ ಪರ್ಮಿಟ್‌ನಲ್ಲಿದ್ದರೆ ಈ ಎರಡೂ ಲೆಕ್ಕಗಳು ಅವರಿಗೂ ನಿಮಗೂ ಸೇರಿ ಆಗಬೇಕು. ಎಷ್ಟೋ ಸಣ್ಣ ವ್ಯಾಪಾರಿ ಕಂಪನಿಗಳು ಎಡವುವುದು ಇಲ್ಲಿಯೇ. ಥಾಯ್ ಸರ್ಕಾರದ ಹೂಡಿಕೆ ಮಂಡಳಿಯ ಪ್ರೋತ್ಸಾಹ ಪಡೆದ ಕಂಪನಿಗಳಿಗೆ ಬೇರೆ ನಿಯಮವಿದೆ, ಆದರೆ ಕಾಳಿನ ವ್ಯಾಪಾರಕ್ಕೆ ಆ ಪ್ರೋತ್ಸಾಹ ಇರಲಾರದು.

ಸಂಬಳದ ವಿಷಯ ಇನ್ನೂ ನೇರವಾದದ್ದು. ಉದ್ಯೋಗದ ಆಧಾರದಲ್ಲಿ ವಾಸವನ್ನು ವಿಸ್ತರಿಸುವಾಗ ಇಮಿಗ್ರೇಷನ್ ಇಲಾಖೆ ಅರ್ಜಿದಾರರ ರಾಷ್ಟ್ರೀಯತೆಗೆ ತಕ್ಕಂತೆ ಕನಿಷ್ಠ ವೇತನವನ್ನು ನೋಡುತ್ತದೆ. ಭಾರತೀಯರಿಗೆ ಅದು ತಿಂಗಳಿಗೆ 35,000 ಬಹ್ತ್. ನಿಮಗೆ ಹೇಳಿರುವ 30,000ದಲ್ಲಿ 90 ದಿನ ಕಳೆದು ವಿಸ್ತರಣೆಯ ಮೇಜಿನ ಮುಂದೆ ನಿಂತಾಗ ಅರ್ಜಿ ಬಿದ್ದುಹೋಗುತ್ತದೆ. ವಾರಕ್ಕೆ ಮೂರು ದಿನ ಕೆಲಸವೋ ಆರು ದಿನವೋ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ. ತೆರಿಗೆ ದಾಖಲೆಯಲ್ಲಿ ಕಾಣುವ ತಿಂಗಳ ಮೊತ್ತ ಬರುತ್ತದೆ.

ಹುದ್ದೆಯ ಹೆಸರನ್ನೂ ಲಘುವಾಗಿ ಕಾಣಬೇಡಿ. ವಿದೇಶಿಯರಿಗೆ ನಿರ್ಬಂಧಿಸಿದ 40 ಕೆಲಸಗಳ ಪಟ್ಟಿಯನ್ನು ಇಲ್ಲಿನ ಸರ್ಕಾರ 2020ರಲ್ಲಿ ಹೊಸದಾಗಿ ಹೊರಡಿಸಿತು. ಅದರಲ್ಲಿ 27 ಪೂರ್ತಿ ನಿಷಿದ್ಧ. ಗುಮಾಸ್ತಿಕೆ, ಕಾರ್ಯದರ್ಶಿಯ ಕೆಲಸ ಮತ್ತು ಅಂತರರಾಷ್ಟ್ರೀಯ ವ್ಯಾಪಾರದ್ದನ್ನು ಬಿಟ್ಟು ಉಳಿದ ದಲ್ಲಾಳಿ ಕೆಲಸ ಆ 27ರಲ್ಲಿವೆ. ಕಾಳಿನ ಕಂಪನಿಯವರು ಅರ್ಜಿಯಲ್ಲಿ 'ಖರೀದಿ ಪ್ರತಿನಿಧಿ' ಎಂದೋ 'ಕಚೇರಿ ಸಹಾಯಕ' ಎಂದೋ ಬರೆದುಬಿಟ್ಟರೆ ನಿಮ್ಮ ಮೂವತ್ತು ವರ್ಷದ ಅನುಭವ ಕೆಲಸಕ್ಕೆ ಬಾರದು. 'ಬೇಳೆಕಾಳುಗಳ ಗುಣಮಟ್ಟ ತಜ್ಞ' ಎಂದಿರಲಿ; ಕೆಲಸದ ವಿವರಣೆಯಲ್ಲಿ ಮಾದರಿ ಪರೀಕ್ಷೆ, ತೇವಾಂಶದ ಅಳತೆ, ಸಿಬ್ಬಂದಿಗೆ ತರಬೇತಿ ಎಂಬುವು ಬರಲಿ. ಇದೇ ಪಟ್ಟಿಯಲ್ಲಿ ಚಿನ್ನ ಬೆಳ್ಳಿಯ ಕುಸುರಿಯೂ, ಲೋಹದ ಮೇಲೆ ಕಪ್ಪು ತುಂಬುವ ಥಾಯ್ ಕಸುಬೂ ಇರುವುದರಿಂದ ನಮ್ಮ ಬಿದರಿ ಕೆಲಸದ ಹುಡುಗನೊಬ್ಬನನ್ನು ಇಲ್ಲಿನ ಅಂಗಡಿಗೆ ಕರೆಸಬೇಕೆಂದಿದ್ದ ನನ್ನ ಬಂಧುಗಳು ಆ ವಿಚಾರವನ್ನೇ ಕೈಬಿಟ್ಟರು. ನಿಮ್ಮ ಕಸುಬಿಗೆ ಹಾಗೆ ಅಡ್ಡಿಯಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಗ ಹೇಳುವುದು ಸರಿ, ಆದರೆ ಒಂದು ಷರತ್ತಿನ ಮೇಲೆ. ಕಂಪನಿಯವರು ಮೊದಲು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ, ನಿಮಗೆ ವರ್ಕ್ ಪರ್ಮಿಟ್ ಕೊಡಲು ತಾತ್ವಿಕ ಒಪ್ಪಿಗೆ ಇದೆ ಎಂಬ ಪತ್ರವನ್ನು ತರಿಸಲಿ. ನೀವು ಊರಿನಲ್ಲೇ ಕುಳಿತು ಆ ಪತ್ರ ಕೈಗೆ ಬಂದ ಮೇಲೆ ಮಾತ್ರ 'ಬಿ' ವೀಸಾಕ್ಕೆ ಅರ್ಜಿ ಹಾಕಿ. ಕರ್ನಾಟಕ ಚೆನ್ನೈನ ಥಾಯ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. 2025ರ ಜನವರಿಯಿಂದ ಅರ್ಜಿ ಪೂರ್ತಿ ಆನ್‌ಲೈನ್ ಆಗಿರುವುದರಿಂದ ಚೆನ್ನೈಗೆ ಓಡಾಡುವ ಕಷ್ಟವೂ ಕಡಿಮೆ. ಅರ್ಜಿ ಹಾಕುವಾಗ ನೀವು ಭಾರತದಲ್ಲಿ ಇರಬೇಕು ಎಂಬ ನಿಯಮವೂ ನಿಮಗೆ ಈಗ ಅನುಕೂಲವೇ. ಆ ಪತ್ರ ಬಾರದೆ ಹೋದರೆ ರೀ-ಎಂಟ್ರಿ ಪರ್ಮಿಟ್ ಹೇಗೂ ಇದೆ, ಆಗಸ್ಟ್‌ಗೆ ಮುಂಚೆ ಎಂದಿನಂತೆ ಮರಳಬಹುದು. ಹೀಗೆ ಮಾಡಿದರೆ ಹೊಸದು ಗಟ್ಟಿಯಾಗುವವರೆಗೆ ಹಳೆಯದು ಕೈಯಲ್ಲಿಯೇ ಉಳಿಯುತ್ತದೆ.

ಏಜೆಂಟರ ಸಲಹೆಯಂತೆ ಇಲ್ಲಿಗೆ ಬಂದರೆ, ನಿಮ್ಮ ನಿವೃತ್ತಿಯ ಅನುಮತಿಯನ್ನು ಬಿಟ್ಟು ಹೊಸ ವೀಸಾಕ್ಕಾಗಿ ಮತ್ತೊಮ್ಮೆ ದೇಶದಿಂದ ಹೊರಗೆ ಹೋಗಬೇಕಾದ ಸಂದರ್ಭವೇ ಹೆಚ್ಚು. ಊರಿನಲ್ಲಿ ಮಾಡಿಸಬೇಕಾದ ಕಾಗದಗಳೂ ಬಾಕಿ ಉಳಿಯುತ್ತವೆ. ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಸರ್ಕಾರದ ಪ್ರಾಧಿಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಥಾಯ್ ರಾಯಭಾರ ಕಚೇರಿ ದೃಢೀಕರಿಸುವಂತೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲಾಖೆಯಿಂದ ಸೇವಾನುಭವದ ಪತ್ರವನ್ನು ಇಂಗ್ಲಿಷಿನಲ್ಲಿ ಪಡೆಯಿರಿ. ನಮ್ಮ ಭಾಗದ ಹಿರಿಯರ ದಾಖಲೆಗಳಲ್ಲಿ ಪದವಿಪತ್ರದ ಮೇಲೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಬಿಡಿಸಿ ಬರೆದಿರುವುದು ಸಾಮಾನ್ಯ. ಎರಡೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ವೈದ್ಯಕೀಯ ಪ್ರಮಾಣಪತ್ರವನ್ನು ಇಲ್ಲಿನ ಆಸ್ಪತ್ರೆಯಲ್ಲೇ ಪಡೆದರೆ ಸಾಕು. ಅದರಲ್ಲಿ ಕ್ಷಯ, ಕುಷ್ಠದ ಜೊತೆಗೆ ಆನೆಕಾಲು ರೋಗವೂ ಇದೆ. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಆ ರೋಗ ಹಿಂದಿನಿಂದಲೂ ಇರುವುದರಿಂದ ಕೆಲವರು ಸುಮ್ಮನೆ ಹೆದರುತ್ತಾರೆ. ಅವರು ನೋಡುವುದು ಕಣ್ಣಿಗೆ ಕಾಣುವ ಮಟ್ಟದ ಬಾವನ್ನು ಮಾತ್ರ.

ಉತ್ತರ: ಸೇಡಂ ರಸ್ತೆಯವ, ಕಲಬುರಗಿ

ಹಿರಿಯರೇ, ನನ್ನದು ಬೇರೆಯೇ ಮಾತು. ಆ ಕಂಪನಿಗೆ ಬೇಕಾಗಿರುವುದು ನಿಮ್ಮ ಕಣ್ಣು ಮತ್ತು ತೀರ್ಪು. ಅವರು ಕಾಳನ್ನು ಕಳಿಸುವುದು ಭಾರತಕ್ಕೇ ಎಂದ ಮೇಲೆ, ಸರಕು ಬಂದಿಳಿಯುವ ಬಂದರಿನಲ್ಲಿ ಮಾದರಿ ತೆಗೆಸಿ ಇಲ್ಲಿಗೆ ತರಿಸಿಕೊಂಡು ನೀವು ಕಲಬುರಗಿಯಲ್ಲೇ ಕುಳಿತು ವರದಿ ಕೊಡಬಹುದಲ್ಲ? ನಮ್ಮಲ್ಲಿ ದಾಲ್ ಮಿಲ್‌ಗಳಿಗೆ ಬರವಿಲ್ಲ; ಬೇಳೆಯ ಇಳುವರಿಯನ್ನು ನಿಜವಾಗಿ ಒಡೆಸಿಯೇ ನೋಡಬಹುದು. ವರ್ಷದಲ್ಲಿ ನಾಲ್ಕೈದು ತಿಂಗಳು ಊರಿನಲ್ಲಿದ್ದು ಸಲಹೆಗಾರರಾಗಿ ದುಡಿದು, ಉಳಿದ ಕಾಲ ಬ್ಯಾಂಕಾಕ್‌ನಲ್ಲಿ ಮೊಮ್ಮಕ್ಕಳ ಜೊತೆ ನಿವೃತ್ತರಾಗಿಯೇ ಇದ್ದರೆ ಯಾವ ಅನುಮತಿಯನ್ನೂ ಬದಲಿಸಬೇಕಾಗಿಲ್ಲ. ಆದರೆ ಅಲ್ಲಿರುವ ತಿಂಗಳುಗಳಲ್ಲಿ ಮಾತ್ರ ಗೋದಾಮಿನ ಕಡೆ ತಲೆ ಹಾಕಬಾರದು, ವರದಿಯನ್ನೂ ಬರೆಯಬಾರದು. 'ಸಂಬಳ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಸಹಾಯಕ್ಕೆ ಹೋಗುತ್ತೇನೆ' ಎಂಬ ಸಮಜಾಯಿಷಿಯೂ ಅಲ್ಲಿ ನಡೆಯುವುದಿಲ್ಲ ಎಂದು ಕೇಳಿದ್ದೇನೆ. ಬೀದರಿನ ಮಿತ್ರರು ಇದನ್ನು ಖಚಿತಪಡಿಸಲಿ.

62ನೆಯ ವಯಸ್ಸಿನಲ್ಲಿ ಇಷ್ಟೊಂದು ಕಾಗದದ ಹಿಂದೆ ಬೀಳುವುದು ಬೇಕೇ ಎಂಬುದು ನನ್ನ ಪ್ರಶ್ನೆ. ತಪ್ಪು ತಿಳಿಯಬೇಡಿ.

ಉತ್ತರ: ಬೀದರ್ ಮೂಲದವ, ಬ್ಯಾಂಕಾಕ್

ಸೇಡಂ ರಸ್ತೆಯವರು ಕೇಳಿದ್ದಕ್ಕೆ: ಹೌದು. 2008ರ ಹಳೆಯ ಕಾಯ್ದೆಯಲ್ಲಿ ಕೂಲಿ ಪಡೆದರೂ ಪಡೆಯದಿದ್ದರೂ ದೈಹಿಕ ಶ್ರಮ ಅಥವಾ ಜ್ಞಾನವನ್ನು ಬಳಸುವುದೇ ಕೆಲಸ ಎಂದಿತ್ತು. 2017ರಲ್ಲಿ ಬಂದು 2018ರಲ್ಲಿ ತಿದ್ದುಪಡಿಯಾದ ಈಗಿನ ಕಾನೂನು, ಮಾಲೀಕ ಇದ್ದರೂ ಇಲ್ಲದಿದ್ದರೂ ಯಾವುದೇ ಕಸುಬನ್ನು ನಡೆಸುವುದು ಕೆಲಸ ಎನ್ನುತ್ತದೆ. ಸಂಬಳವಿಲ್ಲ ಎಂಬುದನ್ನು ನೆಚ್ಚಿಕೊಂಡು ಗೋದಾಮಿಗೆ ಹೋಗುವುದು ಬೇಡ. ಪರ್ಮಿಟ್ ಇಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 50,000 ಬಹ್ತ್‌ವರೆಗೆ ದಂಡ, ಗಡೀಪಾರು, ಆಮೇಲೆ ಎರಡು ವರ್ಷ ವರ್ಕ್ ಪರ್ಮಿಟ್ ಇಲ್ಲ. ಇಟ್ಟುಕೊಂಡ ಕಂಪನಿಗೆ ತಲಾ 10,000ದಿಂದ 1 ಲಕ್ಷ ಬಹ್ತ್ ದಂಡ.

ಅವರ ಸಲಹೆ ಕೆಟ್ಟದ್ದಲ್ಲ. ಆದರೆ ಪ್ರಶ್ನೆ ಕೇಳಿದವರ ತೊಂದರೆ ಹದಿನಾಲ್ಕನೆಯ ಮಹಡಿಯ ಹಗಲು. ಅದಕ್ಕೆ ಕಲಬುರಗಿಯಿಂದ ಬರೆಯುವ ವರದಿ ಮದ್ದಾಗುವುದಿಲ್ಲ.

ಉತ್ತರ: ಶಹಾಪುರದ ಲೆಕ್ಕಿಗ, ಯಾದಗಿರಿ ಜಿಲ್ಲೆ

ಸರ್, ವೀಸಾದ ವಿಷಯದಲ್ಲಿ ನಾನು ಮಾತನಾಡಲಾರೆ. ತೆರಿಗೆ ಮತ್ತು ಪಿಂಚಣಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಅದಷ್ಟನ್ನು ಹೇಳುತ್ತೇನೆ.

ಖಾಸಗಿ ಕಂಪನಿಯ ಸಂಬಳ ಬಂತೆಂದು ನಿಮ್ಮ ಪಿಂಚಣಿಯೊಂದಿಗೆ ಅದು ತಳುಕು ಹಾಕಿಕೊಳ್ಳುವುದಿಲ್ಲ. ಭಾರತ ಮತ್ತು ಥಾಯ್ಲೆಂಡ್ ನಡುವೆ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ತಡೆಯುವ ಒಪ್ಪಂದವಿದೆ. ಅದರ ಪ್ರಕಾರ ಸರ್ಕಾರಿ ಸೇವೆಗೆ ಬರುವ ಪಿಂಚಣಿಯ ಮೇಲಿನ ತೆರಿಗೆ, ನಿಮ್ಮಂಥ ಭಾರತೀಯ ಪ್ರಜೆಗಳ ಮಟ್ಟಿಗೆ, ಭಾರತಕ್ಕೇ ಸೇರಿದ್ದು. ಖಾಸಗಿ ಕಂಪನಿಯ ನಿವೃತ್ತರಿಗೆ ಈ ಅನುಕೂಲ ಇದೇ ರೀತಿ ಸಿಗುವುದಿಲ್ಲವಾದ್ದರಿಂದ ಬೇರೆಯವರ ಅನುಭವವನ್ನು ನಿಮ್ಮದಕ್ಕೆ ಹೋಲಿಸಿಕೊಳ್ಳಬೇಡಿ. ಪಿಂಚಣಿ ಮಂಜೂರಾತಿಯ ಆದೇಶದ ಇಂಗ್ಲಿಷ್ ಪ್ರತಿಯೊಂದು ನಿಮ್ಮ ಬಳಿ ಸದಾ ಇರಲಿ, ಏಕೆಂದರೆ ಅಲ್ಲಿ ಇನ್ನೊಂದು ಬದಲಾವಣೆ ಆಗಿದೆ. ವರ್ಷದಲ್ಲಿ 180 ದಿನ ಅಥವಾ ಅದಕ್ಕಿಂತ ಹೆಚ್ಚು ಅಲ್ಲಿದ್ದವರು ತೆರಿಗೆಯ ದೃಷ್ಟಿಯಿಂದ ಅಲ್ಲಿನ ನಿವಾಸಿಗಳು; 2024ರ ಜನವರಿ 1ರಿಂದ ಅಂಥವರು ಹೊರದೇಶದಲ್ಲಿ ಗಳಿಸಿ ಅಲ್ಲಿಗೆ ತರಿಸಿಕೊಳ್ಳುವ ಆದಾಯವನ್ನು ತೆರಿಗೆಯ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಅದಕ್ಕೂ ಹಿಂದಿನ ಗಳಿಕೆಗೆ ಇದು ಅನ್ವಯಿಸದು. ಆದ್ದರಿಂದ 2023ರ ಡಿಸೆಂಬರ್ 31ಕ್ಕೆ ನಿಮ್ಮ ಇಲ್ಲಿನ ಖಾತೆಗಳಲ್ಲಿ ಎಷ್ಟು ಹಣವಿತ್ತು ಎಂಬ ಬ್ಯಾಂಕ್ ಹೇಳಿಕೆಯನ್ನು ತೆಗೆಸಿಟ್ಟುಕೊಳ್ಳಿ. ಇಷ್ಟು ದಿನ ನಿವೃತ್ತರಾಗಿದ್ದಾಗ ಅಲ್ಲಿನ ತೆರಿಗೆ ಕಚೇರಿಗೆ ನಿಮ್ಮ ಪರಿಚಯವೇ ಇಲ್ಲದಿರಬಹುದು. ಸಂಬಳ ಶುರುವಾದ ಮೇಲೆ ರಿಟರ್ನ್ ಸಲ್ಲಿಸುವಾಗ ಎಲ್ಲವೂ ಮುಂದೆ ಬರುತ್ತದೆ.

ಸಂಬಳದ ಮೇಲಿನ ತೆರಿಗೆ ಹೆದರುವಷ್ಟೇನೂ ಇಲ್ಲ. ತಿಂಗಳಿಗೆ 35,000 ಎಂದುಕೊಂಡರೆ ವರ್ಷಕ್ಕೆ 4,20,000 ಬಹ್ತ್. ಅದರಲ್ಲಿ ಸಂಬಳದಾರರ ಖರ್ಚಿನ ಕಡಿತ 1,00,000, ಸ್ವಂತದ ರಿಯಾಯಿತಿ 60,000, ಆದಾಯವಿಲ್ಲದ ಪತ್ನಿಯ ಹೆಸರಿನಲ್ಲಿ 60,000 ಕಳೆದರೆ ಉಳಿಯುವುದು 2,00,000. ಮೊದಲ 1,50,000ಕ್ಕೆ ತೆರಿಗೆಯಿಲ್ಲ; ಉಳಿದ 50,000ಕ್ಕೆ ಶೇ 5ರಂತೆ ವರ್ಷಕ್ಕೆ 2,500 ಬಹ್ತ್. ಕಂಪನಿಯವರು 'ತೆರಿಗೆ ಉಳಿಸೋಣ' ಎಂದು ಸಂಬಳವನ್ನು ಕಡಿಮೆ ತೋರಿಸಲು ಮುಂದಾದರೆ ಈ ಲೆಕ್ಕವನ್ನು ಅವರ ಮುಂದಿಡಿ.

ಊರಿನಲ್ಲಿ ಮುಗಿಸಬೇಕಾದವು ಎರಡು. ನಿಮ್ಮ ಹಳೆಯ ಉಳಿತಾಯ ಖಾತೆ ಇನ್ನೂ ಸಾಮಾನ್ಯ ಖಾತೆಯಾಗಿಯೇ ಇದ್ದರೆ ಅದನ್ನು ಎನ್‌ಆರ್‌ಒ (ಅನಿವಾಸಿಗಳ ಸಾಮಾನ್ಯ ರೂಪಾಯಿ) ಖಾತೆಯಾಗಿ ಬದಲಿಸಿಕೊಳ್ಳಬೇಕು. ಪಿಂಚಣಿ ಅದಕ್ಕೇ ಜಮೆಯಾಗಲು ಅಡ್ಡಿಯಿಲ್ಲ. ಇನ್ನು ವರ್ಷಕ್ಕೊಮ್ಮೆಯ ಜೀವಿತ ಪ್ರಮಾಣಪತ್ರ. ಈವರೆಗೆ ಬೇಕೆನಿಸಿದಾಗ ಊರಿಗೆ ಬಂದು ಬ್ಯಾಂಕಿನಲ್ಲಿ ಮುಖ ತೋರಿಸಿ ಹೋಗುತ್ತಿದ್ದಿರಬಹುದು, ಆದರೆ ಕೆಲಸಕ್ಕೆ ಸೇರಿದ ಮೇಲೆ ರಜೆ ನಿಮ್ಮ ಕೈಯಲ್ಲಿರುವುದಿಲ್ಲ. ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯಿಂದ ಸಹಿ ಮಾಡಿಸಿ ಕಳಿಸಿದರೆ ನಡೆಯುತ್ತದೆ. ಪಿಂಚಣಿ ಕೊಡುವ ಬ್ಯಾಂಕ್ ಶಾಖೆಯಲ್ಲಿ ಯಾವ ನಮೂನೆ ಬೇಕೆಂದು ಈಗಲೇ ವಿಚಾರಿಸಿಕೊಳ್ಳಿ.

ಮರುಪ್ರಶ್ನೆ: ತೊಗರಿ ನಾಡಿನವ, ಕಲಬುರಗಿ

ಎಲ್ಲರಿಗೂ ಕೃತಜ್ಞ. ಸೇಡಂ ರಸ್ತೆಯ ಮಿತ್ರರ ಮಾತನ್ನು ನಮ್ಮ ಮನೆಯವರು ಬಹಳ ಮೆಚ್ಚಿದರು. ನಾನು ಅಷ್ಟಾಗಿ ಅಲ್ಲ.

ಬೀದರಿನವರು ಸೂಚಿಸಿದ ಪ್ರಶ್ನೆಗಳನ್ನು ಕಂಪನಿಗೆ ಬರೆದು ಕಳಿಸಿದೆ. ಸಂದಾಯವಾದ ಬಂಡವಾಳ 40 ಲಕ್ಷ ಬಹ್ತ್, ಥಾಯ್ ನೌಕರರು ಒಂಬತ್ತು ಮಂದಿ, ಈಗ ವರ್ಕ್ ಪರ್ಮಿಟ್‌ನಲ್ಲಿರುವ ವಿದೇಶಿ ಒಬ್ಬರೇ, ಅವರು ಗುಜರಾತಿನ ಮ್ಯಾನೇಜರ್ ಎಂದು ಉತ್ತರ ಬಂದಿದೆ. ಸಂಬಳವನ್ನು 35,000ಕ್ಕೆ ಏರಿಸಲು ಒಪ್ಪಿದ್ದಾರೆ, ಹುದ್ದೆಯ ಹೆಸರನ್ನೂ ನಾವು ಹೇಳಿದಂತೆ ಬರೆಯುತ್ತಾರಂತೆ. ಆದರೆ ಕಾರ್ಮಿಕ ಇಲಾಖೆಯ ಪತ್ರ ಬರಲು ಸಮಯ ಹಿಡಿಯುತ್ತದೆ, ಹೊಸ ಸರಕು ಬರುವ ಹೊತ್ತು, ಅಷ್ಟರಲ್ಲಿ ಹಳೆಯ ಪರ್ಮಿಟ್‌ನಲ್ಲೇ ಬಂದು ಗೋದಾಮನ್ನು ಒಮ್ಮೆ ನೋಡಿ ಹೋಗಿ ಎಂದು ಮತ್ತೆ ಮತ್ತೆ ಕರೆಯುತ್ತಿದ್ದಾರೆ. ನೋಡುವುದಷ್ಟೇ ಆದರೆ ತಪ್ಪೇನು ಎಂಬುದು ಅವರ ವಾದ. ಮನೆಯವರ ವಿಷಯ ಯಾರೂ ಹೇಳಲಿಲ್ಲ. ಇನ್ನೊಂದು, ಕೆಲಸ ಗಟ್ಟಿಯಾದ ಮೇಲೆ ಆ 8 ಲಕ್ಷ ಬಹ್ತ್ ಠೇವಣಿಯನ್ನು ತೆಗೆದು ಮಗನ ಮನೆಯ ಸಾಲಕ್ಕೆ ಕೊಡಬಹುದೇ?

ಉತ್ತರ: ಬೀದರ್ ಮೂಲದವ, ಬ್ಯಾಂಕಾಕ್

ಸರ್, ಕಂಪನಿಯ ಲೆಕ್ಕ ಸರಿಹೊಂದುತ್ತದೆ. ಇಬ್ಬರು ವಿದೇಶಿಯರಿಗೆ 40 ಲಕ್ಷ ಬಂಡವಾಳ, ಎಂಟು ಥಾಯ್ ನೌಕರರು ಬೇಕು. ಅವರಲ್ಲಿ ಒಂಬತ್ತು ಮಂದಿ ಇದ್ದಾರೆ. ಇಬ್ಬರು ಬಿಟ್ಟುಹೋದರೆ ನಿಮ್ಮ ಮುಂದಿನ ವರ್ಷದ ವಿಸ್ತರಣೆಗೆ ತೊಂದರೆಯಾಗುತ್ತದೆ ಎಂಬುದು ನೆನಪಿರಲಿ. ಆ ಒಂಬತ್ತು ಮಂದಿಯ ಹೆಸರಿನಲ್ಲಿ ಸಾಮಾಜಿಕ ಭದ್ರತೆಯ ವಂತಿಗೆ ನಿಜವಾಗಿ ಕಟ್ಟುತ್ತಿದ್ದಾರೆಯೇ ಎಂಬುದಕ್ಕೆ ರಸೀದಿ ಕೇಳಿ, ಏಕೆಂದರೆ ಅಧಿಕಾರಿಗಳು ಎಣಿಸುವುದು ಆ ಪಟ್ಟಿಯನ್ನೇ. ಅಂದಹಾಗೆ ಆ ಯೋಜನೆಗೆ ಹೊಸದಾಗಿ ಸೇರುವ ನೌಕರರ ವಯಸ್ಸು 60 ಮೀರಿರಬಾರದು. ಕಂಪನಿಯಿಂದ ನಿಮಗೆ ಆಸ್ಪತ್ರೆಯ ಸೌಲಭ್ಯ ಬರುತ್ತದೆಂದು ನಂಬಬೇಡಿ. ಖಾಸಗಿ ವಿಮೆಯನ್ನು ಮುಂದುವರಿಸಿ, ಸಾಧ್ಯವಾದರೆ ಅದರ ಕಂತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

'ನೋಡಿ ಹೋಗಿ' ಎಂಬುದಕ್ಕೆ ಒಪ್ಪಬೇಡಿ. ಗೋದಾಮಿನಲ್ಲಿ ಕಾಳನ್ನು ಅಂಗೈಗೆ ಹಾಕಿಕೊಂಡು ಒಂದು ಮಾತು ಹೇಳಿದರೂ ನೀವು ಮಾಡುವ ಕೆಲಸವೇ ಅದು. ಸರಕು ಅಷ್ಟು ಅವಸರದ್ದಾದರೆ ಮಾದರಿಯನ್ನು ಕಲಬುರಗಿಗೆ ಕಳಿಸಲಿ. ಸೇಡಂ ರಸ್ತೆಯವರು ಹೇಳಿದ ದಾರಿ ಈ ಮಧ್ಯದ ಅವಧಿಗೆ ಹೇಳಿಮಾಡಿಸಿದಂತಿದೆ.

ಮನೆಯವರ ವಾಸ ನಿಮ್ಮ ನಿವೃತ್ತಿಯ ವಿಸ್ತರಣೆಯನ್ನು ಆಧರಿಸಿದೆ. ನೀವು 'ಬಿ' ವೀಸಾದಲ್ಲಿ ಒಳಬಂದು ಹಳೆಯದು ಮುಗಿದಾಗ ಅವರದೂ ಅದರೊಂದಿಗೆ ಮುಗಿಯುತ್ತದೆ; ಅವರ ಪಾಸ್‌ಪೋರ್ಟಿನಲ್ಲಿ ಆಗಸ್ಟ್ ಎಂದಿರುವುದನ್ನು ನಂಬಿ ಕೂರಬಾರದು. ಅವರಿಗೂ ಅವಲಂಬಿತರ 'ಒ' ವೀಸಾಕ್ಕೆ ನಿಮ್ಮ ಜೊತೆಗೇ ಅರ್ಜಿ ಹಾಕಿಸುವುದು ಒಂದು ದಾರಿ. ಅದಕ್ಕಿಂತ ನನಗೆ ಹಿಡಿಸುವುದು ಬೇರೆ: ನಿಮ್ಮ ಮಗ ಅಲ್ಲಿ ಉದ್ಯೋಗದ ವಿಸ್ತರಣೆಯಲ್ಲಿದ್ದರೆ, 50 ವರ್ಷ ದಾಟಿದ ತಾಯಿಯನ್ನು ತನ್ನ ಅವಲಂಬಿತರೆಂದು ತೋರಿಸಲು ಅವರಿಗೆ ಅವಕಾಶವಿದೆ. ನಿಮ್ಮ ಕೆಲಸ ನಡುವೆ ನಿಂತರೂ ತಾಯಿಯವರಿಗೆ ಓಡಾಟ ತಪ್ಪುತ್ತದೆ. ಅದಕ್ಕೆ ಮಗನ ಜನನ ಪ್ರಮಾಣಪತ್ರ ಬೇಕು. ಹಳೆಯ ಕಾಲದ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಅದನ್ನು ಭರ್ತಿ ಮಾಡಿಸಿ, ಇಂಗ್ಲಿಷ್ ಪ್ರತಿ ತೆಗೆಸಿ, ನಿಮ್ಮ ಪದವಿಪತ್ರದ ಜೊತೆಗೇ ದೃಢೀಕರಣಕ್ಕೆ ಕಳಿಸಿಬಿಡಿ.

ಠೇವಣಿಯನ್ನು ಮುಟ್ಟಬೇಡಿ. ಕೆಲಸ ಬಿಟ್ಟ ದಿನವೇ ಉದ್ಯೋಗದ ಆಧಾರದ ವಾಸ ಮುಗಿಯುತ್ತದೆ. ಹೆಚ್ಚೆಂದರೆ 1,900 ಬಹ್ತ್ ಕಟ್ಟಿ ಏಳು ದಿನ ಕೇಳಬಹುದು. ಮತ್ತೆ ನಿವೃತ್ತಿಯ ನೆಲೆಗೆ ಹೋಗಬೇಕೆಂದರೆ 8 ಲಕ್ಷ ಬಹ್ತ್ ನಿಮ್ಮ ಹೆಸರಿನಲ್ಲಿ ಎರಡು ತಿಂಗಳ ಮುಂಚಿನಿಂದ ಇರಬೇಕು. ಏಳು ದಿನದಲ್ಲಿ ಎರಡು ತಿಂಗಳ ಹಳೆಯ ಹಣವನ್ನು ಯಾರೂ ತರಲಾರರು. ಮಗನ ಸಾಲಕ್ಕೆ ನಿಮ್ಮ ಸಂಬಳದಿಂದ ಕೊಡಿ.

ಇಳಿಯುವ ದಿನದ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ರೀ-ಎಂಟ್ರಿ ಪರ್ಮಿಟ್ ಇರುತ್ತದೆ, ಕೈಯಲ್ಲಿ ಹೊಸ ಇ-ವೀಸಾದ ಮುದ್ರಿತ ಪ್ರತಿ ಇರುತ್ತದೆ. ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಕಂಡದ್ದನ್ನೇ ನೋಡಿ ಆಗಸ್ಟ್‌ವರೆಗೆ ಮುದ್ರೆ ಒತ್ತಿಬಿಟ್ಟರೆ ನೀವು ಮತ್ತೆ ನಿವೃತ್ತರಾಗಿಯೇ ಒಳಬಂದಂತೆ, ವರ್ಕ್ ಪರ್ಮಿಟ್‌ನ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಕೌಂಟರಿನಲ್ಲಿ ಇ-ವೀಸಾವನ್ನು ಮೊದಲು ಕೊಟ್ಟು, ಇದರ ಮೇಲೆ ಪ್ರವೇಶ ಬೇಕು ಎಂದು ಬಾಯಿಬಿಟ್ಟು ಹೇಳಿ. ಮುದ್ರೆಯಲ್ಲಿ 'ಬಿ' ಎಂದೂ 90 ದಿನಗಳ ಮುಂದಿನ ದಿನಾಂಕವೂ ಇರುವುದನ್ನು ಅಲ್ಲಿಯೇ ನಿಂತು ನೋಡಿಕೊಂಡ ಮೇಲೆ ಕೌಂಟರ್ ಬಿಡಿ.